ಹೊಟ್ಟೆ ನೋವಿಗೆ ಕಾಲಿಗೆ ಸೂಜಿ

ಚಿಕ್ಕಮಗಳೂರಿನ ಯಾವ ಮೆಡಿಕಲ್ ಶಾಪಿನವರನ್ನು ಬೇಕಾದರೂ ಕೇಳಿ, ಬಿ.ಪಿ., ಶುಗರ್ ಬಿಟ್ಟರೆ ಜಾಸ್ತಿ ಹೋಗುವುದು ಗ್ಯಾಸ್ ಮಾತ್ರೆ. ನಾನು ಶಟರ್ ಎತ್ತುವ ಹೊತ್ತಿಗೇ ಯಾರಾದರೂ ಮೆಟ್ಟಿಲ ಮೇಲೆ ಕಾಯುತ್ತಿರುತ್ತಾರೆ. "ಅಣ್ಣಾ, ಗ್ಯಾಸ್ಟ್ರಿಕ್‌ಗೆ ಏನಾದ್ರೂ ಕೊಡಿ." ಎದೆ ಉರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ನುಲಿದರೂ ಗ್ಯಾಸ್ಟ್ರಿಕ್, ಎರಡು ದಿನ ಹೊರಗೆ ಹೋಗದಿದ್ದರೂ ಗ್ಯಾಸ್ಟ್ರಿಕ್. ಆಲ್ದೂರು ಕಡೆಯ ತೋಟದ ರೈಟರೊಬ್ಬರು ಬೆನ್ನು ನೋವಿಗೂ ಅದೇ ಸ್ಟ್ರಿಪ್ ಒಯ್ಯುತ್ತಾರೆ. ಪ್ಯಾಂಟೊಪ್ರಜೋಲ್ ಮಾಡುವುದು ಒಂದೇ ಕೆಲಸ, ಹೊಟ್ಟೆಯಲ್ಲಿ ಆಮ್ಲ ಊರುವುದನ್ನು ಕಡಿಮೆ ಮಾಡುವುದು. ಹೊಕ್ಕುಳಿನ ಕೆಳಗೆ ಕಿವುಚಿ ಹಿಡಿಯುವ ನೋವಿಗೆ ಅದರಿಂದ ಏನೂ ಆಗುವುದಿಲ್ಲ. ಹಾಗಂತ ಹೇಳಿದರೆ, "ಇರ್ಲಿ ಬಿಡಿ, ಒಂದು ಸ್ಟ್ರಿಪ್ ಕೊಡಿ" ಅನ್ನುತ್ತಾರೆ.

ನನ್ನದು ಆ ಕೆಳಗಿನ ನೋವು. ಕೌಂಟರಿನ ಈಚೆ ನಿಂತು ಮಾತ್ರೆ ಕೊಡುವವನಿಗೇ ವರ್ಷಗಳಿಂದ ಇದೆ. ಅದಕ್ಕೆ ಅಕ್ಯುಪಂಕ್ಚರ್, ಅಂದರೆ ಚೀನಾದ ಸೂಜಿ ಚಿಕಿತ್ಸೆ, ಮಾಡಿಸಿಕೊಂಡ ಕಥೆ ಇದು. ಶುರುವಾದದ್ದು ಕಡೂರು ಕಡೆಯ ಒಂದು ಮದುವೆ ಊಟದ ನಂತರ. ಅವತ್ತು ವಾಂತಿ ಭೇದಿ ಆದವರು ಬೇಕಾದಷ್ಟು ಜನ. ಉಳಿದವರೆಲ್ಲ ವಾರದೊಳಗೆ ಸರಿಹೋದರು. ನನಗೆ ಭೇದಿ ನಿಂತಿತು, ನೋವು ನಿಲ್ಲಲಿಲ್ಲ. ಊಟ ಮಾಡಿದ ಅರ್ಧ ಗಂಟೆಗೆ ಹೊಟ್ಟೆ ಉಬ್ಬಿ ಬಿಗಿಯುತ್ತದೆ, ಆಮೇಲೆ ನುಲಿತ, ಆಮೇಲೆ ಓಡಬೇಕು. ಬೆಂಗಳೂರು ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ, ಎಲ್ಲಿನ ಶೌಚಾಲಯದಲ್ಲಿ ನೀರು ಬರುತ್ತದೆ ಅನ್ನುವುದು ನನಗೆ ಕಂಡಕ್ಟರಿಗಿಂತ ಚೆನ್ನಾಗಿ ಗೊತ್ತು. ಚಾರ್ಮಾಡಿ ಘಾಟಿ ಇಳಿಯುವುದಿದ್ದರೆ ಹಿಂದಿನ ರಾತ್ರಿಯೇ ಊಟ ಬಿಡುತ್ತಿದ್ದೆ. ಕೊಟ್ಟಿಗೆಹಾರದಲ್ಲಿ ಬಸ್ಸಿನವರೆಲ್ಲ ಇಳಿದು ನೀರುದೋಸೆ ತಿನ್ನುತ್ತಿದ್ದರೆ ನಾನು ಬಿಸಿನೀರು ಕುಡಿದು ಸೀಟಿನಲ್ಲೇ ಕೂರುತ್ತಿದ್ದೆ.

ರಕ್ತ, ಮಲ, ಸ್ಕ್ಯಾನಿಂಗ್, ಕೊನೆಗೆ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿ. ಎಲ್ಲಾ ನಾರ್ಮಲ್. ಡಾಕ್ಟರೊಬ್ಬರು ಫೈಲ್ ಮುಚ್ಚಿ, "ನಿಮಗೇನೂ ಇಲ್ಲ, ಟೆನ್ಷನ್ ಕಮ್ಮಿ ಮಾಡಿಕೊಳ್ಳಿ" ಅಂದರು. ಏನೂ ಇಲ್ಲ ಅನ್ನಿಸಿಕೊಂಡು ಹೊಟ್ಟೆ ಹಿಡಿದುಕೊಂಡು ಹೊರಗೆ ಬರುವುದು ಏನಂತ ಆದವರಿಗೇ ಗೊತ್ತು. ನನಗೆ ಕೋಪ ಬಂದದ್ದು "ಟೆನ್ಷನ್" ಅಂದಿದ್ದಕ್ಕಲ್ಲ. "ಏನೂ ಇಲ್ಲ" ಅಂದಿದ್ದಕ್ಕೆ.

ಇದನ್ನು ಐ.ಬಿ.ಎಸ್. ಅನ್ನುತ್ತಾರೆ, ಇರಿಟಬಲ್ ಬೊವೆಲ್ ಸಿಂಡ್ರೋಮ್, ಅಂದರೆ ಕರುಳು ಸುಮ್ಮನೆ ಕೆರಳುವ ತೊಂದರೆ. 2016ರಲ್ಲಿ ತಜ್ಞರ ಅಂತರರಾಷ್ಟ್ರೀಯ ಗುಂಪೊಂದು ಇಂಥ ಕಾಯಿಲೆಗಳನ್ನೆಲ್ಲ ಸೇರಿಸಿ, ಇವು ಕರುಳು ಮತ್ತು ಮೆದುಳಿನ ನಡುವಿನ ಮಾತುಕತೆ ಕೆಟ್ಟಿರುವ ಕಾಯಿಲೆಗಳು ಅಂತ ಒಪ್ಪಿಕೊಂಡಿತು. ಕ್ಯಾಮೆರಾಕ್ಕೆ ಕಾಣುವುದು ಕರುಳಿನ ಒಳಗೋಡೆ. ನರದ ಮಾತುಕತೆ ಅದಕ್ಕೆ ಎಲ್ಲಿ ಕಾಣಬೇಕು? 1973ರಷ್ಟು ಹಿಂದೆಯೇ ಇಂಗ್ಲೆಂಡಿನ ರಿಚಿ ಎಂಬ ಡಾಕ್ಟರು ಒಂದು ಸರಳ ಪರೀಕ್ಷೆ ಮಾಡಿದ್ದರು. ದೊಡ್ಡಕರುಳಿನ ಕೊನೆಯ ಭಾಗದಲ್ಲಿ ಸಣ್ಣ ಬಲೂನು ಇಟ್ಟು ಗಾಳಿ ಊದುವುದು. ಆರೋಗ್ಯವಂತರಲ್ಲಿ ಹೆಚ್ಚಿನವರಿಗೆ ನೋವಾಗದಷ್ಟು ಊದಿದಾಗಲೇ ಈ ರೋಗಿಗಳಲ್ಲಿ ಬಹಳಷ್ಟು ಜನ ನೋವು ಅಂದರು. ಗಾಳಿ ಅಷ್ಟೇ, ಕರುಳೂ ಹೆಚ್ಚುಕಡಿಮೆ ಹಾಗೇ, ಕೇಳಿಸಿಕೊಳ್ಳುವ ನರ ಮಾತ್ರ ಬೇರೆ.

ಹೊಟ್ಟೆ ಕೆಟ್ಟು ಮಲಗಿದವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಆಮೇಲೆ ಐ.ಬಿ.ಎಸ್. ಅಂಟಿಕೊಳ್ಳುತ್ತದೆ. ಒಮ್ಮೆ ಕಳ್ಳ ಬಂದು ಹೋದ ಮೇಲೆ ತೋಟದ ನಾಯಿ ಒಣಗಿದ ಎಲೆ ಬಿದ್ದರೂ ಬೊಗಳುತ್ತದಲ್ಲ, ಕರುಳಿನ ನರವೂ ಹಾಗೇ ಆಗಿಬಿಡುತ್ತದೆ. ಸೋಂಕು ಹೋಗಿರುತ್ತದೆ, ಎಚ್ಚರ ಹೋಗಿರುವುದಿಲ್ಲ. ಕರುಳಿನ ಗೋಡೆಯಲ್ಲೇ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ನರಗಳ ಸುದ್ದಿ ಒಯ್ಯುವ ಸೆರಟೋನಿನ್ ಎಂಬ ದೇಹದ ರಾಸಾಯನಿಕದಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಪಾಲು ತಯಾರಾಗುವುದು ಅಲ್ಲೇ. ಇಷ್ಟೆಲ್ಲ ವ್ಯವಸ್ಥೆ ಇರುವ ಜಾಗದಲ್ಲಿ ನೋವಿಗೆ ಹುಣ್ಣೇ ಕಾಣಬೇಕು ಅಂತ ಪಟ್ಟು ಹಿಡಿಯುವುದು ಯಾವ ನ್ಯಾಯ?

ಸೂಜಿಯ ವಿಷಯ ತಂದವಳು ನನ್ನ ನಾದಿನಿ. ಅವಳ ಸೊಂಟ ನೋವಿಗೆ ಕಡಿಮೆ ಆಗಿತ್ತಂತೆ. "ಭಾವ, ಸುಮ್ನೆ ಒಂದ್ಸಲ ಹೋಗಿ ಬನ್ನಿ, ಏನು ಕಳ್ಕೋತೀರ?" ಅಂದಳು. ಔಷಧಿ ಮಾರುವವನಿಗೆ ಇಂಥದ್ದರ ಮೇಲೆ ನಂಬಿಕೆ ಕಮ್ಮಿ. ಚೀನಾದವರ "ಛಿ" ಎಂಬ ಪ್ರಾಣಶಕ್ತಿ, ಅದು ಹರಿಯುವ ಕಾಲುವೆಗಳು, ಇವು ಯಾವ ಶವಪರೀಕ್ಷೆಯಲ್ಲೂ ಕಂಡಿಲ್ಲ. ಆದರೂ ಹೋದೆ. ನಮ್ಮ ಊರಲ್ಲೇ ಕ್ಲಿನಿಕ್ ಇಟ್ಟಿರುವ ಬಿ.ಎನ್.ವೈ.ಎಸ್., ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ, ಓದಿದ ಹೆಣ್ಣುಮಗಳು, ವಯಸ್ಸು ಚಿಕ್ಕದು. ಮೊದಲ ದಿನ ಸೂಜಿ ಮುಟ್ಟಲೇ ಇಲ್ಲ. ಏನು ತಿನ್ನುತ್ತೀರಿ, ಎಷ್ಟು ಹೊತ್ತಿಗೆ ಮಲಗುತ್ತೀರಿ, ನೋವು ಬಂದಾಗ ಏನು ಮಾಡುತ್ತೀರಿ, ಮನೆಯಲ್ಲಿ ಯಾರ್‍ಯಾರಿದ್ದಾರೆ, ಹೀಗೆ ಕೇಳುತ್ತಾ ಬರೆದುಕೊಂಡರು. ಇಷ್ಟು ಹೊತ್ತು ನನ್ನ ಹೊಟ್ಟೆಯ ಕಥೆಯನ್ನು ಯಾರೂ ಕೇಳಿರಲಿಲ್ಲ.

ಎರಡನೇ ಸಲ ಹೋದಾಗ ಮಂಡಿ ಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲಿನ ಮೂಳೆಯ ಅಂಚಿಗೆ ಒಂದು ಬೆರಳು ಹೊರಗೆ ಒತ್ತಿ ನೋಡಿದರು. ಅಕ್ಯುಪಂಕ್ಚರಿನವರು ಹೊಟ್ಟೆಯ ತೊಂದರೆಗೆ ಮೊದಲು ಹುಡುಕುವ ಜಾಗವಂತೆ, ಜೂಸಾನ್ಲಿ ಅಂತ ಹೆಸರು.

"ಮೇಡಂ, ನೋವಿರೋದು ಹೊಟ್ಟೇಲಿ. ಕಾಲಿಗೆ ಯಾಕೆ ಚುಚ್ತೀರಿ?"

"ಸರ್, ತಲೆನೋವಿನ ಮಾತ್ರೇನ ನೀವು ತಲೆಗೆ ಹಚ್ಚೋಕೆ ಕೊಡ್ತೀರಾ?"

ಮಾತು ಚೆನ್ನಾಗಿತ್ತು, ನಕ್ಕೆ. ಆದರೆ ಉತ್ತರ ಆಗಲಿಲ್ಲ. ಮಾತ್ರೆ ರಕ್ತದಲ್ಲಿ ಬೆರೆತು ಬೇಕಾದಲ್ಲಿಗೆ ಹೋಗುತ್ತದೆ. ಸೂಜಿಯ ತುದಿಯಲ್ಲಿ ಔಷಧಿಯೇ ಇಲ್ಲ. ಅದು ಏನಾದರೂ ಮಾಡುವುದಿದ್ದರೆ ನರದ ಮೂಲಕವೇ ಮಾಡಬೇಕು. ಅವತ್ತಿನಿಂದ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಓದಲು ಕೂತೆ.

ಸೂಜಿ ಕೂದಲಿಗಿಂತ ಸ್ವಲ್ಪ ದಪ್ಪ, ಚುಚ್ಚಿದ್ದು ಹೆಚ್ಚು ತಿಳಿಯುವುದಿಲ್ಲ. ಒಳಗೆ ಇಳಿಸಿ ಸ್ವಲ್ಪ ತಿರುಗಿಸಿದಾಗ ಜುಮ್ಮೆಂದು ಒಂದು ಭಾರ ಪಾದದ ಕಡೆಗೆ ಇಳಿಯುತ್ತದೆ. ಚರ್ಮದ ಅಡಿಯ, ಸ್ನಾಯುವಿನ ಸಣ್ಣ ನರಗಳು ಎದ್ದ ಗುರುತು ಅದು. ಆ ಸುದ್ದಿ ಬೆನ್ನುಹುರಿಗೆ ಹೋಗುತ್ತದೆ. ಕರುಳಿನ ನೋವಿನ ಸುದ್ದಿ ಬರುವುದೂ ಬೆನ್ನುಹುರಿಗೇ. ಹೊಕ್ಕುಳಿನ ಸುತ್ತಲಿನ ಚರ್ಮದ ನರ ಮತ್ತು ಕರುಳಿನ ನೋವಿನ ನರ ಬೆನ್ನುಹುರಿಗೆ ಸೇರುವ ಜಾಗಗಳು ಹತ್ತಿರ ಹತ್ತಿರ. ಹಾಗಾಗಿ ಹೊಟ್ಟೆಯ ಮೇಲಿನ ಸೂಜಿ ಅಲ್ಲೇ ನೋವನ್ನು ತಡೆಯಬಹುದು ಅನ್ನುವುದು ಒಂದು ದಾರಿ. ಬೇರೆ ಸ್ಪರ್ಶ ಬಂದಾಗ ಬೆನ್ನುಹುರಿಯಲ್ಲೇ ನೋವಿಗೆ ಬಾಗಿಲು ಹಾಕಿಕೊಳ್ಳುತ್ತದೆ ಎಂದು ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಬರೆದಿದ್ದರು. ಪೆಟ್ಟಾದ ಜಾಗವನ್ನು ನಾವು ತಿಕ್ಕಿಕೊಳ್ಳುವುದೂ ಇದಕ್ಕೇ.

ಎರಡನೇ ದಾರಿ ಮೆದುಳಿನದು. ಮೆದುಳಿನ ಬುಡದಿಂದ ಬೆನ್ನುಹುರಿಗೆ ಇಳಿಯುವ ನರಗಳಿವೆ. ಕೆಳಗಿನಿಂದ ಬರುವ ನೋವನ್ನು ಎಷ್ಟು ಮೇಲೆ ಬಿಡಬೇಕು ಅಂತ ನಿರ್ಧರಿಸುವುದರಲ್ಲಿ ಅವುಗಳ ಕೈವಾಡ ದೊಡ್ಡದು. ಸೂಜಿ ಹಾಕಿದಾಗ ಅಲ್ಲಿ ಎಂಡಾರ್ಫಿನ್ ಬಗೆಯ, ಅಂದರೆ ದೇಹವೇ ಮಾಡಿಕೊಳ್ಳುವ ಮಾರ್ಫಿನ್ ಜಾತಿಯ ವಸ್ತುಗಳು ಬಿಡುಗಡೆಯಾಗುತ್ತವೆ. 1977ರಲ್ಲಿ ಅಮೆರಿಕದ ಮೇಯರ್ ಮತ್ತು ಜೊತೆಗಾರರು ಹಲ್ಲು ನೋವಿನ ಮೇಲೆ ಪ್ರಯೋಗ ಮಾಡಿದರು. ಸೂಜಿಯಿಂದ ಕಡಿಮೆಯಾದ ನೋವು ನಲಾಕ್ಸೋನ್ ಕೊಟ್ಟಾಗ ಮರಳಿ ಬಂತು. ನಲಾಕ್ಸೋನ್ ಅಂದರೆ ಮಾರ್ಫಿನ್‌ನ ಕೆಲಸ ತಡೆಯುವ ಇಂಜೆಕ್ಷನ್. ಇದನ್ನು ಓದಿದಾಗಲೇ ನಾನು ಸ್ವಲ್ಪ ನೆಟ್ಟಗೆ ಕೂತದ್ದು, ಯಾಕೆಂದರೆ ಇದು ನನ್ನ ಭಾಷೆ. ಬೀಜಿಂಗ್‌ನ ಹಾನ್ ಜಿಶೆಂಗ್ ಸೂಜಿಗೆ ವಿದ್ಯುತ್ ಕೊಟ್ಟು ಇನ್ನೂ ಮುಂದೆ ಹೋದರು. ಸೆಕೆಂಡಿಗೆ 2 ಸಲದ ಮಿಡಿತಕ್ಕೆ ಒಂದು ಬಗೆಯ ವಸ್ತು, 100 ಸಲದ ಮಿಡಿತಕ್ಕೆ ಇನ್ನೊಂದು ಬಗೆ. ನಮ್ಮ ಡಾಕ್ಟರೂ ಸೂಜಿಗೆ ಚಿಕ್ಕ ಕ್ಲಿಪ್ ಸಿಕ್ಕಿಸಿ ಯಂತ್ರದ ಗುಂಡಿಯನ್ನು 2ರಲ್ಲೇ ಇಡುತ್ತಿದ್ದರು. ಕಾಲಿನ ಸ್ನಾಯು ತಾನೇ ತಾನಾಗಿ ಟಪ್ ಟಪ್ ಅಂತ ಕುಣಿಯುವುದನ್ನು ನೋಡುತ್ತಾ ಮಲಗುವುದು ಒಂಥರಾ ಮಜಾ.

ಮೂರನೆಯದು ವೇಗಸ್ ನರ. ಮೆದುಳಿನ ಬುಡದಿಂದ ಹೊರಟು ಹೃದಯ, ಹೊಟ್ಟೆ, ಕರುಳು ಮುಟ್ಟುವ ಉದ್ದದ ನರ. ಅದರ ಎಳೆಗಳಲ್ಲಿ ನೂರಕ್ಕೆ 80ರಷ್ಟು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಇಲಿಗಳಲ್ಲಿ ಹಿಂಗಾಲಿಗೆ ಚುಚ್ಚಿದರೆ ವೇಗಸ್ ಮೂಲಕ ಹೊಟ್ಟೆಯ ಚಲನೆ ಜಾಸ್ತಿಯಾಗುತ್ತದೆ, ಹೊಟ್ಟೆಯ ಚರ್ಮಕ್ಕೆ ಚುಚ್ಚಿದರೆ ಕಡಿಮೆಯಾಗುತ್ತದೆ ಎಂದು ಜಪಾನಿನವರು ಮೊದಲೇ ತೋರಿಸಿದ್ದರು. 2021ರಲ್ಲಿ ಹಾರ್ವರ್ಡ್‌ನ ಚಿಯುಫು ಮಾ ಅವರ ತಂಡ "ನೇಚರ್" ಪತ್ರಿಕೆಯಲ್ಲಿ ಬರೆದದ್ದು ಅದಕ್ಕಿಂತ ಸೂಕ್ಷ್ಮ. ಚಿಟ್ಟಿಲಿಯ ಹಿಂಗಾಲಿನಲ್ಲಿ, ನಮ್ಮ ಜೂಸಾನ್ಲಿಗೆ ಸರಿಯಾದ ಜಾಗದಲ್ಲಿ, ಆಳದ ಪೊರೆಗೆ ಬರುವ ಒಂದು ಜಾತಿಯ ನರಕೋಶಗಳಿವೆ. ಸಣ್ಣ ವಿದ್ಯುತ್ ಕೊಟ್ಟಾಗ ಅವು ವೇಗಸ್ ನರವನ್ನು ಎಬ್ಬಿಸುತ್ತವೆ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಉರಿಯೂತ ತಗ್ಗಿಸುವ ವಸ್ತು ಬರುತ್ತದೆ. ಆ ಕೋಶಗಳನ್ನು ತೆಗೆದುಬಿಟ್ಟರೆ ಪರಿಣಾಮವೇ ಇಲ್ಲ. ಅಷ್ಟೇ ವಿದ್ಯುತ್ತನ್ನು ಹೊಟ್ಟೆಯ ಬಿಂದುವಿಗೆ ಕೊಟ್ಟರೂ ಇಲ್ಲ. ಅಂದರೆ ಎಲ್ಲಿ ಚುಚ್ಚುತ್ತೀರಿ, ಎಷ್ಟು ಆಳ ಅನ್ನುವುದಕ್ಕೆ ನರಗಳ ನಕ್ಷೆಯಲ್ಲೇ ಕಾರಣ ಸಿಕ್ಕಿತು, "ಛಿ"ಯನ್ನು ಕರೆಯದೆ. ಆದರೆ ಇದು ಚಿಟ್ಟಿಲಿ. ಅಲ್ಲಿ ಅಳೆದದ್ದು ಉರಿಯೂತ, ನನ್ನ ಥರದ ನೋವಲ್ಲ. ಈ ಸುದ್ದಿಯನ್ನು ಫಾರ್ವರ್ಡ್ ಮಾಡುವವರು ಈ ಎರಡು ವಾಕ್ಯ ಬಿಟ್ಟೇ ಮಾಡುತ್ತಾರೆ.

ನೋವನ್ನು ನೋವಿನಿಂದ ಅದುಮುವ ಇನ್ನೊಂದು ವಿಷಯವೂ ಇದೆ. ದೇಹದ ಒಂದು ಕಡೆ ಚುರುಕ್ ಅನ್ನಿಸಿದರೆ ಇನ್ನೊಂದು ಕಡೆಯ ನೋವಿನ ಸುದ್ದಿ ಬೆನ್ನುಹುರಿಯಲ್ಲಿ ಮಂಕಾಗುತ್ತದೆ ಅಂತ ಫ್ರಾನ್ಸಿನ ಲೆ ಬಾರ್ಸ್ 1979ರಲ್ಲಿ ಇಲಿಗಳಲ್ಲಿ ತೋರಿಸಿದರು. ನನ್ನ ಅಜ್ಜಿಯ ಹೊಟ್ಟೆಯ ಮೇಲೆ ಬರೆ ಹಾಕಿದ ಗುರುತುಗಳಿದ್ದವು. ಮಗುವಾಗಿದ್ದಾಗ ಹೊಟ್ಟೆ ನೋವು ಅಂತ ಅತ್ತಿದ್ದಕ್ಕೆ ಹಾಕಿದ್ದಂತೆ. ಸ್ವಲ್ಪ ಹೊತ್ತು ನೋವು ಮರೆತಿರಲೂಬಹುದು, ಆದರೆ ಸುಟ್ಟ ಗಾಯಕ್ಕೆ ಸೋಂಕು ತಗುಲಿ ಸತ್ತ ಮಕ್ಕಳೂ ಇದ್ದಾರೆ. ಈಗಲೂ ಅಲ್ಲಲ್ಲಿ ಕೂಸುಗಳಿಗೆ ಹಾಕುವವರಿದ್ದಾರೆ, ದಯವಿಟ್ಟು ಬೇಡ.

ಹೊರಜಗತ್ತು ಅಕ್ಯುಪಂಕ್ಚರಿನ ಕಡೆ ತಿರುಗಿ ನೋಡಿದ್ದೂ ಒಬ್ಬರ ಹೊಟ್ಟೆಯಿಂದಲೇ. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ರೆಸ್ಟನ್ ಚೀನಾಕ್ಕೆ ಹೋದಾಗ ಅಪೆಂಡಿಕ್ಸ್ ಆಪರೇಷನ್ ಆಯಿತು. ಸೂಜಿ ಚುಚ್ಚಿಯೇ ಆಪರೇಷನ್ ಮಾಡಿದರು ಅಂತ ಈಗಲೂ ಕಥೆ ಹೇಳುತ್ತಾರೆ, ಅದು ಸುಳ್ಳು. ಆಪರೇಷನ್ನಿಗೆ ಮಾಮೂಲಿ ಮರಗಟ್ಟಿಸುವ ಇಂಜೆಕ್ಷನ್ನನ್ನೇ ಕೊಟ್ಟಿದ್ದರು. ಆಮೇಲೆ ಹೊಟ್ಟೆ ಉಬ್ಬಿ ಸಂಕಟವಾದಾಗ ಮೊಣಕೈಗೆ, ಮಂಡಿಯ ಕೆಳಗೆ ಸೂಜಿ ಹಾಕಿದರು. ಒಂದು ಗಂಟೆಯೊಳಗೆ ಹಗುರವಾಯಿತು ಅಂತ ರೆಸ್ಟನ್ ಬರೆದರು. ನಮ್ಮ ದೇಶಕ್ಕೆ ಅದು ಅದಕ್ಕೂ ಮೊದಲೇ ಬಂದಿತ್ತು. 1938ರಲ್ಲಿ ಡಾ. ದ್ವಾರಕಾನಾಥ್ ಕೋಟ್ನಿಸ್ ಜೊತೆ ಚೀನಾಕ್ಕೆ ಹೋದ ವೈದ್ಯರ ತಂಡದಲ್ಲಿದ್ದ ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಗೆ ಇದನ್ನು ಕಲಿತು ಕಲ್ಕತ್ತೆಯಲ್ಲಿ ಶುರುಮಾಡಿದರು.

ಇನ್ನು ಮನುಷ್ಯರ ಮೇಲಿನ ಪರೀಕ್ಷೆಗಳ ವಿಷಯ. ಇಲ್ಲಿ ಸೂಜಿಯ ಕಡೆಯವರಿಗೂ ವಿರೋಧಿಗಳಿಗೂ ಪೂರ್ತಿ ಖುಷಿ ಇಲ್ಲ. ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು, 1806 ಜನ. ನಿಜವಾದ ಸೂಜಿ ಮತ್ತು ಹೋಲಿಕೆಗೆಂದು ಹಾಕಿದ ಹಾಗೆ ಮಾಡುವ ನಕಲಿ ಸೂಜಿಯ ನಡುವೆ ಐ.ಬಿ.ಎಸ್.ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಯಾವ ಚಿಕಿತ್ಸೆ ಕೊಡಬೇಕು ಅಂತ ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯೂ 2008ರಿಂದ ಇದಕ್ಕೆ ಪ್ರೋತ್ಸಾಹ ಬೇಡ ಅನ್ನುತ್ತಿದೆ. ಅದೇ ಬ್ರಿಟನ್ನಿನಲ್ಲಿ 2012ರಲ್ಲೇ 233 ಜನರ ಇನ್ನೊಂದು ಪ್ರಯೋಗ ಬಂತು. ಮಾಮೂಲಿ ಚಿಕಿತ್ಸೆಯ ಜೊತೆ ವಾರಕ್ಕೊಂದರಂತೆ 10 ಸಲ ಸೂಜಿ ಹಾಕಿಸಿಕೊಂಡವರು ಬರೀ ಮಾಮೂಲಿ ಚಿಕಿತ್ಸೆಯವರಿಗಿಂತ ಚೆನ್ನಾಗಿದ್ದರು, ಒಂದು ವರ್ಷದವರೆಗೂ. ಆದರೆ ಅಲ್ಲಿ ನಕಲಿ ಸೂಜಿಯ ಗುಂಪೇ ಇರಲಿಲ್ಲ. ಹಳೆಯ ಮಲಬದ್ಧತೆಗೆ ಸಾಕ್ಷಿ ಇದಕ್ಕಿಂತ ಗಟ್ಟಿ. 2016ರಲ್ಲಿ ಚೀನಾದಲ್ಲಿ 1075 ಜನರ ಮೇಲೆ ವಿದ್ಯುತ್ ಸೂಜಿಯ ಪ್ರಯೋಗ ಆಯಿತು. ನಿಜ ಸೂಜಿಯವರಲ್ಲಿ ನೂರಕ್ಕೆ 31 ಜನರಿಗೆ ಸರಿಯಾಗಿ ಹೊರಗೆ ಹೋಗಲು ಶುರುವಾಯಿತು, ನಕಲಿಯವರಲ್ಲಿ 12.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಾರ್ವರ್ಡ್‌ನ ಟೆಡ್ ಕ್ಯಾಪ್ಚಕ್ 2008ರಲ್ಲಿ 262 ಐ.ಬಿ.ಎಸ್. ರೋಗಿಗಳ ಮೇಲೆ ಮಾಡಿದ್ದು. ಒಂದು ಗುಂಪಿಗೆ ಏನೂ ಇಲ್ಲ, ಸರದಿಯಲ್ಲಿ ಕಾಯಿರಿ ಅಂದರು. ಇನ್ನೊಂದಕ್ಕೆ ಚರ್ಮದೊಳಗೆ ಹೋಗದ ನಕಲಿ ಸೂಜಿ, ಮಾತಿಲ್ಲ ಕಥೆಯಿಲ್ಲ. ಮೂರನೆಯದಕ್ಕೆ ಅದೇ ನಕಲಿ ಸೂಜಿ, ಜೊತೆಗೆ ಸಮಾಧಾನವಾಗಿ ಕಷ್ಟ ಕೇಳುವ ಡಾಕ್ಟರು. ಮೂರು ವಾರದ ಹೊತ್ತಿಗೆ ಸಾಕಷ್ಟು ಆರಾಮ ಅಂದವರು ಕ್ರಮವಾಗಿ ನೂರಕ್ಕೆ 28, 44, 62. ನಿಜದ ಸೂಜಿ ಮೂರರಲ್ಲೂ ಇಲ್ಲ!

ಇದನ್ನು ಓದಿ "ನೋಡಿ, ಎಲ್ಲಾ ಮನಸ್ಸಿನದ್ದೇ" ಅಂತ ನಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೆದುಳಿನಿಂದ ಇಳಿದು ನೋವನ್ನು ತಡೆಯುವ ಆ ನರಗಳು ಒಬ್ಬರು ಕೂತು ಕೇಳಿದಾಗಲೂ ಕೆಲಸ ಮಾಡುತ್ತವೆ, ಮಲಗಿ ಅರ್ಧ ಗಂಟೆ ಫೋನ್ ಇಲ್ಲದೆ ಇದ್ದಾಗಲೂ ಮಾಡುತ್ತವೆ. "ನಿಮಗೇನೂ ಇಲ್ಲ" ಅನ್ನಿಸಿಕೊಂಡಾಗ ಅವು ಉಲ್ಟಾ ಕೆಲಸ ಮಾಡಿದರೂ ಆಶ್ಚರ್ಯವಿಲ್ಲ. ನನ್ನ ಹೊಟ್ಟೆಯಲ್ಲಿ ಆದ ಆರಾಮದಲ್ಲಿ ಸೂಜಿಯ ಪಾಲೆಷ್ಟು, ಆ ಹೆಣ್ಣುಮಗಳ ಪ್ರಶ್ನೆಗಳ ಪಾಲೆಷ್ಟು ಅಂತ ಬೇರೆ ಮಾಡಿ ತೂಗಲು ನನ್ನ ಹತ್ತಿರ ತಕ್ಕಡಿ ಇಲ್ಲ. ನೋವು ಪೂರ್ತಿ ಹೋಗಿಲ್ಲ. ಬರುವುದು ಕಡಿಮೆಯಾಗಿದೆ, ಬಂದರೆ ಬೇಗ ಬಿಡುತ್ತದೆ.

ಕಾಫಿಯ ವಿಷಯಕ್ಕೆ ಮಾತ್ರ ಜಗಳ ಆಯಿತು. ಚಿಕ್ಕಮಗಳೂರಿನವನಿಗೆ ಕಾಫಿ ಬಿಡಿ ಅಂದರೆ ಹೇಗೆ? ಕಾಫಿ ದೊಡ್ಡಕರುಳನ್ನು ಎಬ್ಬಿಸುವುದು ನಿಜ, ಕೆಲವರಿಗೆ ಕುಡಿದ ಕೆಲವೇ ನಿಮಿಷಕ್ಕೆ. ಕೆಫೀನ್ ತೆಗೆದ ಕಾಫಿಯೂ ಎಬ್ಬಿಸುತ್ತದೆ. ಕೊನೆಗೆ ನಾವಿಬ್ಬರೂ ಒಪ್ಪಿಕೊಂಡದ್ದು ಚಿಕೋರಿ ಬಿಡುವುದಕ್ಕೆ. ಚಿಕೋರಿ ಬೇರಿನಲ್ಲಿ ಇನುಲಿನ್ ಎಂಬ ನಾರು ತುಂಬಿರುತ್ತದೆ. ಅದು ಸಣ್ಣಕರುಳಿನಲ್ಲಿ ಜೀರ್ಣವಾಗದೆ ಕೆಳಗಿಳಿದು ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಗ್ಯಾಸ್ ಆಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲೂ ಅದೇ ಜಾತಿಯದ್ದು ಇದೆ. ಈಗ ಮನೆಯಲ್ಲಿ ಬರೀ ಕಾಫಿಬೀಜದ ಪುಡಿ, ಬೆಳಿಗ್ಗೆ ಒಂದೇ ಲೋಟ. ಅವರೆಕಾಯಿ ಕಾಲದಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ.

ಕೌಂಟರಿನ ಈ ಕಡೆಯಿಂದ ಒಂದು ಮಾತು ಹೇಳಲೇಬೇಕು. ಮಲದಲ್ಲಿ ರಕ್ತ, ಸುಮ್ಮಸುಮ್ಮನೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಬಿಡದ ಜ್ವರ, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದು, ಇವುಗಳಲ್ಲಿ ಒಂದಿದ್ದರೂ ಸೂಜಿಯವರ ಹತ್ತಿರವೂ ಬೇಡ, ನನ್ನ ಹತ್ತಿರವೂ ಬೇಡ. ಮೊದಲು ಹೊಟ್ಟೆಯ ತಜ್ಞರನ್ನು ನೋಡಿ. ನಮ್ಮ ದೇಶದಲ್ಲಿ ಕರುಳಿಗೆ ಟಿ.ಬಿ. ಆಗುವುದೂ ಅಪರೂಪವಲ್ಲ. ಸೂಜಿಗೆ ಹೋಗುವುದಾದರೆ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು, ಒಂದೇ ಸಲ ಬಳಸಿ ಎಸೆಯಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಪೇಸ್‌ಮೇಕರ್ ಇದ್ದವರಿಗೆ ವಿದ್ಯುತ್ ಬೇಡ. ನಡೆಯುತ್ತಿರುವ ಮಾತ್ರೆಗಳನ್ನೆಲ್ಲ ನಿಲ್ಲಿಸಿ ಅನ್ನುವವರು ಸಿಕ್ಕರೆ ಎದ್ದು ಬನ್ನಿ.

ನಾನಂತೂ ನಿಲ್ಲಿಸಿಲ್ಲ. ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಇದೆ, ತಜ್ಞರು ಬರೆದುಕೊಟ್ಟದ್ದು. ಈ ಚೀಟಿ ತಂದವರು ನಮ್ಮ ಅಂಗಡಿಯಲ್ಲಿ ಗೂಗಲ್ ನೋಡಿ ಗಾಬರಿಯಾಗುತ್ತಾರೆ. "ಇದು ಡಿಪ್ರೆಶನ್ ಮಾತ್ರೆ ಅಲ್ವಾ ಅಣ್ಣಾ?" ಹೌದು, ಹಳೆಯ ಡಿಪ್ರೆಶನ್ ಮಾತ್ರೆಯೇ, ಆದರೆ ಇಷ್ಟು ಕಡಿಮೆ ಡೋಸಿನಲ್ಲಿ ಅದನ್ನು ಕೊಡುವುದು ನೋವಿನ ನರಕ್ಕೆ. 2023ರಲ್ಲಿ ಬ್ರಿಟನ್ನಿನಲ್ಲಿ 463 ಐ.ಬಿ.ಎಸ್. ರೋಗಿಗಳ ಮೇಲೆ ಪರೀಕ್ಷಿಸಿ, ಖಾಲಿ ಮಾತ್ರೆಗಿಂತ ಇದು ಮೇಲು ಅಂತ ತೋರಿಸಿದರು. ಬಾಯಿ ಒಣಗುತ್ತದೆ, ಬೆಳಿಗ್ಗೆ ಏಳಲು ಮನಸ್ಸಾಗುವುದಿಲ್ಲ, ಅಷ್ಟೇ.

ಸೂಜಿ ನಿಲ್ಲಿಸಿದ ಮೇಲೆ ನೋವು ಮತ್ತೆ ಬರುತ್ತಾ ಅಂತ ಕೇಳುವವರು ಜಾಸ್ತಿ. ನನಗೆ ಬಂತು, ಕಾಫಿ ಕೊಯ್ಲಿನ ಸಮಯದಲ್ಲಿ. ಆಗ ತೋಟದ ಲೈನುಗಳಿಂದ ಜನ ಬಂದು ಅಂಗಡಿಯಲ್ಲಿ ಉಸಿರಾಡಲು ಬಿಡುವಿರುವುದಿಲ್ಲ, ಊಟ ಮೂರು ಗಂಟೆಗೆ, ನಿದ್ದೆಯೂ ಅಷ್ಟಕ್ಕಷ್ಟೇ. ಮತ್ತೆ ಹೋಗಿ ಮಲಗಿದೆ. ಸದ್ಯದ ನನ್ನ ಸಮಸ್ಯೆ ಬೇರೆ. ಕ್ಲಿನಿಕ್ ಇರುವುದು ಮಧ್ಯಾಹ್ನ, ಫಾರ್ಮಸಿಸ್ಟ್ ಇಲ್ಲದೆ ಅಂಗಡಿಯಲ್ಲಿ ಚೀಟಿಯ ಔಷಧಿ ಕೊಡುವ ಹಾಗಿಲ್ಲ. ಡಿ.ಫಾರ್ಮಾ ಮುಗಿಸಿದ ಹುಡುಗ ಹುಡುಗಿಯರು ಯಾರಾದರೂ ಇದ್ದರೆ, ದಿನಕ್ಕೆ ಎರಡು ಗಂಟೆ ಸಾಕು, ತಿಳಿಸಿ.